ಎಗ್ಮೋರಿನ ಆಸ್ಪತ್ರೆಗಳೂ ನಾವೂ

ಎಗ್ಮೋರ್ ಎಂದೊಡನೆ ಈ ಊರಿನ ಕನ್ನಡಿಗರಿಗೆ ಎರಡು ಸಂಗತಿಗಳು ನೆನಪಿಗೆ ಬರುತ್ತವೆ. ಒಂದು, 1908ರಲ್ಲಿ ತೆರೆದ ಕೆಂಪು ಕಟ್ಟಡದ ರೈಲು ನಿಲ್ದಾಣ. ಇನ್ನೊಂದು, ಪೂನಮಲ್ಲಿ ಹೆದ್ದಾರಿಯಲ್ಲಿ ಬಹುಕಾಲ ನಡೆದು ಈಗ ಇಲ್ಲವಾಗಿರುವ ದಾಸಪ್ರಕಾಶ ಹೋಟೆಲು. ಮೂರನೆಯ ಸಂಗತಿಯೊಂದುಂಟು, ಅದನ್ನು ನಾವು ಸಾಮಾನ್ಯವಾಗಿ ಹೇಳುವುದಿಲ್ಲ, ಏಕೆಂದರೆ ಅದರ ಮೆಟ್ಟಿಲು ಹತ್ತುವುದನ್ನು ನಮ್ಮಲ್ಲಿ ಅನೇಕರು ಎಂದೋ ಬಿಟ್ಟುಬಿಟ್ಟಿದ್ದೇವೆ. ಎಗ್ಮೋರಿನಲ್ಲಿ ಕಾಲ್ನಡಿಗೆಯ ದೂರದಲ್ಲಿ ಮೂರು ಸರ್ಕಾರಿ ಆಸ್ಪತ್ರೆಗಳಿವೆ. ಒಂದು ಕಣ್ಣಿಗೆ, ಒಂದು ಹೆಂಗಸರಿಗೆ, ಒಂದು ಮಕ್ಕಳಿಗೆ. ಮೊದಲನೆಯದಕ್ಕೆ ಇನ್ನೂರು ವರ್ಷ ದಾಟಿದೆ, ಎರಡನೆಯದಕ್ಕೆ ನೂರೆಂಬತ್ತು ಸಂದಿದೆ. ಇವುಗಳ ಚರಿತ್ರೆ ತಮಿಳುನಾಡಿನ ಚರಿತ್ರೆ ಮಾತ್ರವಲ್ಲ, ನಮ್ಮ ಕರ್ನಾಟಕದ ಒಂದು ಭಾಗದ ಚರಿತ್ರೆಯೂ ಹೌದೆಂಬುದನ್ನು ತಿಳಿಸುವುದು ಈ ಲೇಖನದ ಒಂದು ಉದ್ದೇಶ. ಅದರಿಂದ ನಮಗೆ ಒದಗುವ ಕರ್ತವ್ಯವನ್ನು ಸೂಚಿಸುವುದು ಎರಡನೆಯದು.

ಕಣ್ಣಿನ ಆಸ್ಪತ್ರೆಯಿಂದ ಆರಂಭಿಸೋಣ. ಲಂಡನ್ನಿನ ಮೂರ್‌ಫೀಲ್ಡ್ಸ್ ಕಣ್ಣಾಸ್ಪತ್ರೆ ಹುಟ್ಟಿದ್ದು 1805ರಲ್ಲಿ. ಅದಾದ ಹದಿನಾಲ್ಕೇ ವರ್ಷಕ್ಕೆ, ಅಂದರೆ 1819ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯು ಕಳುಹಿಸಿದ ರಾಬರ್ಟ್ ರಿಚರ್ಡ್‌ಸನ್ ಎಂಬ ವೈದ್ಯನು ರಾಯಪೇಟೆಯಲ್ಲಿ ಮದರಾಸಿನ ಕಣ್ಣಾಸ್ಪತ್ರೆಯನ್ನು ತೆರೆದನು. ಎಗ್ಮೋರಿನ ಈಗಿನ ಸ್ಥಳಕ್ಕೆ ಅದು ಬಂದದ್ದು 1880ರ ದಶಕದಲ್ಲಿ. ಆಸ್ಪತ್ರೆಯ ಮುಂದಿನ ಮಾರ್ಷಲ್ಸ್ ರಸ್ತೆಗೆ ಈಗ ರುಕ್ಮಿಣಿ ಲಕ್ಷ್ಮೀಪತಿಯವರ ಹೆಸರು. ಮದರಾಸು ಪ್ರಾಂತದ ಪ್ರಥಮ ಮಹಿಳಾ ಮಂತ್ರಿಯಾಗಿ 1946ರಲ್ಲಿ ಆರೋಗ್ಯ ಖಾತೆಯನ್ನೇ ವಹಿಸಿಕೊಂಡಿದ್ದವರು ಆಕೆ. ರಸ್ತೆಗಳಿಗೆ ಹೆಸರಿಡುವವರು ಒಮ್ಮೊಮ್ಮೆ ಔಚಿತ್ಯವನ್ನೂ ಬಲ್ಲರು!

ಈ ಆಸ್ಪತ್ರೆಯ ಕೀರ್ತಿ ಕಡಲಾಚೆ ಹಬ್ಬಿದ್ದು ರಾಬರ್ಟ್ ಹೆನ್ರಿ ಎಲಿಯಟ್ ಅವರ ಕಾಲದಲ್ಲಿ. 1904ರಿಂದ 1913ರವರೆಗೆ ಅವರು ಇಲ್ಲಿ ಅಧೀಕ್ಷಕರಾಗಿದ್ದರು. ಕಣ್ಣಿನೊಳಗಿನ ಒತ್ತಡವೇರಿ ದೃಷ್ಟಿ ನಾಶವಾಗುವ ಗ್ಲಾಕೊಮಾ ರೋಗಕ್ಕೆ, ಕಣ್ಣಿನ ಅಂಚಿನಲ್ಲಿ ಸಣ್ಣದೊಂದು ದುಂಡು ರಂಧ್ರ ಕೊರೆದು ಒಳಗಿನ ದ್ರವವನ್ನು ಹರಿಯಗೊಡುವ ಶಸ್ತ್ರಚಿಕಿತ್ಸೆಯನ್ನು 1909ರಲ್ಲಿ ಅವರು ಇಲ್ಲಿಂದ ಲೋಕಕ್ಕೆ ತಿಳಿಸಿದರು. ಅನೇಕ ದಶಕಗಳ ಕಾಲ ಜಗತ್ತಿನ ಕಣ್ಣುವೈದ್ಯರು ಅದನ್ನು ಎಲಿಯಟ್ಟರ ಹೆಸರಿನಿಂದಲೇ ಕರೆದರು. ಎಲಿಯಟ್ಟರು ಇನ್ನೊಂದು ಕೆಲಸವನ್ನೂ ಮಾಡಿದರು. ಊರೂರು ಸುತ್ತುವ ಕಣ್ಣು ಪಂಡಿತರು ಪೊರೆ ಬಂದ ಕಣ್ಣಿಗೆ ಸೂಜಿ ಚುಚ್ಚಿ, ಪೊರೆಯನ್ನು ಕಣ್ಣಿನ ಒಳಕ್ಕೇ ತಳ್ಳಿಬಿಡುತ್ತಿದ್ದರು. ರೋಗಿಗೆ ಆ ಕ್ಷಣ ಬೆಳಕು ಕಾಣುತ್ತಿತ್ತು. ಪಂಡಿತನು ಹಣ ಪಡೆದು ಮುಂದಿನ ಊರಿಗೆ ನಡೆಯುತ್ತಿದ್ದನು. ಕೀವು ತುಂಬಿ ಕಣ್ಣೇ ಹೋಗುವ ಹೊತ್ತಿಗೆ ಆತನ ಸುಳಿವು ಇರುತ್ತಿರಲಿಲ್ಲ. ಹಾಗೆ ಕೆಟ್ಟ ಕಣ್ಣುಗಳು ಬಂದು ಸೇರುತ್ತಿದ್ದುದು ಎಗ್ಮೋರಿಗೆ. ಎಲಿಯಟ್ಟರು ಅವನ್ನು ಕೂಡಿಟ್ಟು ಪರೀಕ್ಷಿಸಿ, ಆ ಪದ್ಧತಿಯ ಮೇಲೆ ಒಂದು ಗ್ರಂಥವನ್ನೇ ಬರೆದರು. ಸುಶ್ರುತನ ಕಾಲದಲ್ಲಿ ಶಾಸ್ತ್ರವಾಗಿದ್ದ ವಿದ್ಯೆಯು ಗುರುವಿಲ್ಲದ, ಶುಚಿಯಿಲ್ಲದ ಕೈಗಳಿಗೆ ಬಿದ್ದು ಏನಾಯಿತೆಂಬುದಕ್ಕೆ ಆ ಗ್ರಂಥ ಸಾಕ್ಷಿ. ನಮ್ಮ ಪ್ರಾಚೀನ ವಿದ್ಯೆಗಳನ್ನು ಹೊಗಳುವವರೂ ಹಳಿಯುವವರೂ ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಇಲ್ಲಿ ಒಂದು ಮಾತು. ಕಣ್ಣು ಕೆಂಪಾಗಿ ರೆಪ್ಪೆ ಅಂಟಿಕೊಳ್ಳುವ ಅಂಟುಬೇನೆಯನ್ನು ಬೆಂಗಳೂರಿನಿಂದ ಬೀದರಿನವರೆಗೆ ನಮ್ಮ ಜನ ‘ಮದ್ರಾಸ್ ಐ’ ಎನ್ನುತ್ತಾರೆ. 1918ರಲ್ಲಿ ಅದನ್ನು ಈ ಊರಿನಲ್ಲಿ ಗುರುತಿಸಿದ್ದರಿಂದ ಆ ಹೆಸರು ಬಂದಿತೆಂದು ಹೇಳುತ್ತಾರೆ. ಊರಿಗೆ ಹೋದಾಗ ನಮ್ಮ ನೆಂಟರು ಅದೇ ಹೆಸರಿಟ್ಟುಕೊಂಡು ನಮ್ಮನ್ನು ಹಾಸ್ಯ ಮಾಡುವುದುಂಟು. ಬೇನೆಯನ್ನು ಗುರುತಿಸಿದ ಊರಿಗೆ ಬೇನೆಯ ಹೆಸರು ಅಂಟಿತು. ಗ್ಲಾಕೊಮಾಕ್ಕೆ ಚಿಕಿತ್ಸೆ ಕೊಟ್ಟದ್ದು ಮಾತ್ರ ಯಾರ ಬಾಯಲ್ಲೂ ಉಳಿಯಲಿಲ್ಲ.

ನೇತ್ರದಾನದ ವಿಷಯದಲ್ಲಿಯೂ ಎಗ್ಮೋರೇ ಮುಂದು. ಡಾ. ಮುತ್ತಯ್ಯನವರು 1945ರಲ್ಲಿ ಇಲ್ಲಿ ಸ್ಥಾಪಿಸಿದ ನೇತ್ರಭಂಡಾರವು ದೇಶದಲ್ಲಿಯೇ ಮೊದಲನೆಯದು. ಆ ವಿಚಾರ ಕನ್ನಡಿಗರ ಮನೆಮನೆಗೆ ಮುಟ್ಟಲು ಮಾತ್ರ ಇನ್ನೂ ಅರವತ್ತು ವರ್ಷ ಬೇಕಾಯಿತು; ಮುಟ್ಟಿಸಿದವರು ವೈದ್ಯರಲ್ಲ, ಡಾ. ರಾಜ್‌ಕುಮಾರ್ ಅವರು. ಚಿತ್ರರಂಗವು ಕೋಡಂಬಾಕದಲ್ಲಿದ್ದ ಕಾಲದಲ್ಲಿ ಅವರು ನಮ್ಮ ಊರಿನವರೇ ಆಗಿದ್ದರು. 2006ರ ಏಪ್ರಿಲ್‌ನಲ್ಲಿ ಅವರು ಕಣ್ಣುಗಳನ್ನು ಕೊಟ್ಟು ಹೋದರು; ಈ ಊರಿನಲ್ಲಿಯೇ 1975ರಲ್ಲಿ ಹುಟ್ಟಿದ ಅವರ ಮಗ ಪುನೀತ್ 2021ರ ಅಕ್ಟೋಬರ್‌ನಲ್ಲಿ ಹಾಗೆಯೇ ಹೋದರು. ಪುನೀತರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದಿತು.

ಇನ್ನು ಹೆರಿಗೆ ಆಸ್ಪತ್ರೆ. 1844ರಲ್ಲಿ ಕೂವಂ ನದಿಯ ಬಳಿ ಅದು ಆರಂಭವಾಯಿತು. ಎಗ್ಮೋರಿನ ಈಗಿನ ನೆಲೆಗೆ ಬಂದದ್ದು 1880ರ ದಶಕದ ಆರಂಭದಲ್ಲಿ. ಅಂದಿನ ಸ್ಥಿತಿಯನ್ನು ಸ್ವಲ್ಪ ಊಹಿಸಿಕೊಳ್ಳಬೇಕು. ಹೆರಿಗೆಯೆಂಬುದು ಮನೆಯ ಕತ್ತಲೆ ಕೋಣೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿ ನಡೆಯುತ್ತಿದ್ದ ಕಾಲ. ಗಂಡಸು ವೈದ್ಯನ ಮುಂದೆ ಹೆಂಗಸು ಬರುವಂತಿಲ್ಲ, ಹೆಂಗಸು ವೈದ್ಯಳಾಗುವಂತಿಲ್ಲ. ಈ ಎರಡು ಗೋಡೆಗಳ ನಡುವೆ ಎಷ್ಟು ಜೀವಗಳು ಹೋದುವೋ ಲೆಕ್ಕವಿಟ್ಟವರಿಲ್ಲ. ಮದರಾಸಿನವರು ಈ ಗೋಡೆಗಳನ್ನು ಒಡೆದ ಕ್ರಮ ಗಮನಾರ್ಹವಾದುದು. ಅವರು ಮೊದಲು ದೊಡ್ಡ ವೈದ್ಯರನ್ನು ತರಲು ಹೋಗಲಿಲ್ಲ. 1854ರಲ್ಲಿ ಇದೇ ಆಸ್ಪತ್ರೆಯಲ್ಲಿ ಸೂಲಗಿತ್ತಿಯರಿಗೆ ತರಬೇತಿ ಶಾಲೆಯನ್ನು ಮಂಜೂರು ಮಾಡಿದರು. 1871ರಲ್ಲಿ ಜನರಲ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆ ಬಂದಿತು. 1875ರಲ್ಲಿ ಮದರಾಸು ಮೆಡಿಕಲ್ ಕಾಲೇಜು ನಾಲ್ವರು ಹೆಂಗಸರನ್ನು ವಿದ್ಯಾರ್ಥಿನಿಯರಾಗಿ ಸೇರಿಸಿಕೊಂಡಿತು; ಇಂಗ್ಲೆಂಡಿನಲ್ಲಿಯೇ ಹೆಂಗಸರಿಗೆ ವೈದ್ಯಕೀಯದ ಬಾಗಿಲು ಸರಿಯಾಗಿ ತೆರೆದಿರಲಿಲ್ಲ. ಅವರಲ್ಲೊಬ್ಬರಾದ ಮೇರಿ ಶಾರ್ಲೀಬ್ ಅವರು ಮುಂದೆ ಗೋಷಾ ಹೆಂಗಸರಿಗಾಗಿ ಸ್ಥಾಪಿಸಿದ ಆಸ್ಪತ್ರೆಯೇ ಟ್ರಿಪ್ಲಿಕೇನಿನ ಇಂದಿನ ಕಸ್ತೂರ್ಬಾ ಗಾಂಧಿ ಆಸ್ಪತ್ರೆ. 1912ರಲ್ಲಿ ಪದವಿ ಪಡೆದ ಮುತ್ತುಲಕ್ಷ್ಮಿ ರೆಡ್ಡಿಯವರು ಎಗ್ಮೋರಿನ ಹೆರಿಗೆ ಮತ್ತು ಕಣ್ಣಿನ ಆಸ್ಪತ್ರೆಗಳಲ್ಲಿ ಪ್ರಥಮ ಮಹಿಳಾ ಹೌಸ್ ಸರ್ಜನ್ ಆದರು. ಎ. ಲಕ್ಷ್ಮಣಸ್ವಾಮಿ ಮೊದಲಿಯಾರರು ಈ ಹೆರಿಗೆ ಆಸ್ಪತ್ರೆಯ ಅಧೀಕ್ಷಕರಾಗಿದ್ದು ಬರೆದ ಪ್ರಸೂತಿಶಾಸ್ತ್ರದ ಪಠ್ಯವನ್ನು ಎಷ್ಟೋ ತಲೆಮಾರಿನ ವಿದ್ಯಾರ್ಥಿಗಳು ಓದಿದ್ದಾರೆ. ಮೊದಲು ಸೂಲಗಿತ್ತಿ, ಆಮೇಲೆ ದಾದಿ, ಆಮೇಲೆ ವೈದ್ಯೆ, ಕಡೆಗೆ ಪಠ್ಯಪುಸ್ತಕ. ವ್ಯವಸ್ಥೆಯೊಂದು ಬೆಳೆಯಬೇಕಾದ ಸರಿಯಾದ ಕ್ರಮ ಇದೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮಕ್ಕಳ ಆಸ್ಪತ್ರೆ ಮೂವರಲ್ಲಿ ಕಿರಿಯದು, ಸ್ವಾತಂತ್ರ್ಯಾನಂತರದ್ದು. ಡಾ. ಎಸ್.ಟಿ. ಆಚಾರ್ ಅವರು ಅದನ್ನು ಕಟ್ಟಿ ಬೆಳೆಸಿದರು; ಅವರ ಹೆಸರಿನ ಶಿಶುವೈದ್ಯಕೀಯ ಪಠ್ಯವು ಈಗಲೂ ವಿದ್ಯಾರ್ಥಿಗಳ ಕೈಯಲ್ಲಿದೆ.

ಇದರಲ್ಲಿ ನಮ್ಮದೇನು ಎಂದು ಓದುಗರು ಕೇಳಬಹುದು. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ, 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡವೂ ಕೊಳ್ಳೇಗಾಲವೂ ಮದರಾಸಿಗೇ ಸೇರಿದ್ದವು. ಮಂಗಳೂರಿನ ಜಿಲ್ಲಾ ಆಸ್ಪತ್ರೆಯ ಹೆಸರು ವೆನ್ಲಾಕ್, ಹೆರಿಗೆ ಆಸ್ಪತ್ರೆಯ ಹೆಸರು ಲೇಡಿ ಗೋಷನ್. ವೆನ್ಲಾಕನು ಮದರಾಸಿನ ಗವರ್ನರನು. ಗೋಷನ್ ಎಂಬುವನೂ ಮದರಾಸಿನ ಗವರ್ನರನೇ. ಮಂಗಳೂರಿಗೆ 1907ರಲ್ಲಿ ರೈಲು ಬಂದ ಮೇಲೆ, ಕರಾವಳಿಯ ಬುದ್ಧಿವಂತ ಹುಡುಗನಿಗೆ ವೈದ್ಯನಾಗುವ ದಾರಿ ಮದರಾಸಿನ ದಾರಿಯೇ ಆಯಿತು. ಹಾಗೆ ಇಲ್ಲಿ ಓದಿ ಹಿಂದಿರುಗಿದವರಲ್ಲಿ ಡಾ. ಟಿ.ಎಂ.ಎ. ಪೈ ಒಬ್ಬರು. ಅವರು ಮಣಿಪಾಲದ ಬೋಳುಗುಡ್ಡದ ಮೇಲೆ 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜನ್ನು ತೆರೆದಾಗ ಆ ಗುಡ್ಡ ಇನ್ನೂ ಮದರಾಸು ರಾಜ್ಯದಲ್ಲಿತ್ತು. ಸರ್ಕಾರಿ ವೆನ್ಲಾಕ್ ಆಸ್ಪತ್ರೆಯ ಹಾಸಿಗೆಗಳೂ ಖಾಸಗಿ ಕಾಲೇಜಿನ ಅಧ್ಯಾಪಕರೂ ಒಂದಾಗಿ ನಡೆದ ಆ ಏರ್ಪಾಡು ದೇಶಕ್ಕೇ ಹೊಸದು. ಅದರ ಗುಣದೋಷಗಳ ವಿಮರ್ಶೆಗೆ ಇದು ಸ್ಥಳವಲ್ಲ.

ಹಳೆಯ ಮೈಸೂರಿನ ದಾರಿ ಬೇರೆಯಾಗಿತ್ತು. 1900ರ ಡಿಸೆಂಬರ್‌ನಲ್ಲಿ ಲಾರ್ಡ್ ಕರ್ಜನ್ ತೆರೆದ ವಿಕ್ಟೋರಿಯಾ, 1913ರ ಕಟ್ಟಡದ ಮಿಂಟೋ ಕಣ್ಣಾಸ್ಪತ್ರೆ, 1935ರ ವಾಣಿವಿಲಾಸ, ಮೈಸೂರಿನ ಜನ ಪ್ರೀತಿಯಿಂದ ದೊಡ್ಡಾಸ್ಪತ್ರೆ ಎನ್ನುವ ಕೃಷ್ಣರಾಜೇಂದ್ರ ಆಸ್ಪತ್ರೆ, ಇವೆಲ್ಲ ಅರಮನೆಯ ಔದಾರ್ಯವನ್ನೂ ದಿವಾನರ ದೂರದೃಷ್ಟಿಯನ್ನೂ ಸಾರುತ್ತವೆ. ಮೈಸೂರು ಮೆಡಿಕಲ್ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ 1930ರಲ್ಲಿ ಮೈಸೂರಿಗೆ ಹೋಯಿತು. ಅದೇ 1930ರಲ್ಲಿ ಮೈಸೂರು ಸರ್ಕಾರವು ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಹೊರಡಿಸಿತು. ಬಹಳ ರಾಷ್ಟ್ರಗಳು ಆ ಮಾತನ್ನು ಬಹಿರಂಗವಾಗಿ ಎತ್ತಲೂ ನಾಚುತ್ತಿದ್ದ ಕಾಲ ಅದು. ಆದ್ದರಿಂದ ಮೈಸೂರು ಹಿಂದುಳಿದಿತ್ತೆಂದು ಯಾರೂ ಹೇಳಲಾರರು. ಡಾ. ಎಂ.ಸಿ. ಮೋದಿಯವರಂತೂ ಆಸ್ಪತ್ರೆಯನ್ನೇ ಹೆಗಲ ಮೇಲೆ ಹೊತ್ತವರಂತೆ ಊರೂರು ತಿರುಗಿ, ಶಾಲೆಗಳಲ್ಲಿ, ಛತ್ರಗಳಲ್ಲಿ ಸಾಲಾಗಿ ಮಲಗಿಸಿ ಲಕ್ಷಾಂತರ ಜನರ ಕಣ್ಣಿನ ಪೊರೆ ತೆಗೆದರು. ಎಗ್ಮೋರಿಗೆ ಬರಲಾರದವನ ಬಳಿಗೆ ಎಗ್ಮೋರೇ ಹೋದಂತೆ!

ಹಾಗಿರುವಾಗ ಇಂದಿನ ಲೆಕ್ಕ ಹೇಗಿದೆ? ಭಾರತ ಸರ್ಕಾರದ ಮಾದರಿ ನೋಂದಣಿ ಪದ್ಧತಿಯ 2018–20ರ ವರದಿಯಂತೆ, ಒಂದು ಲಕ್ಷ ಸಜೀವ ಜನನಗಳಿಗೆ ತೀರಿಕೊಂಡ ತಾಯಂದಿರ ಸಂಖ್ಯೆ ಕೇರಳದಲ್ಲಿ 19, ತೆಲಂಗಾಣದಲ್ಲಿ 43, ಆಂಧ್ರದಲ್ಲಿ 45, ತಮಿಳುನಾಡಿನಲ್ಲಿ 54, ಕರ್ನಾಟಕದಲ್ಲಿ 69. ದೇಶದ ಸರಾಸರಿ 97. ದಕ್ಷಿಣದ ಐದು ರಾಜ್ಯಗಳಲ್ಲಿ ಕೊನೆಯ ಸ್ಥಾನ ನಮ್ಮದು. ಬೆಂಗಳೂರಿನ ಗಾಜಿನ ಆಸ್ಪತ್ರೆಗಳಿಗೆ ದೇಶವಿದೇಶಗಳಿಂದ ರೋಗಿಗಳು ವಿಮಾನದಲ್ಲಿ ಬಂದಿಳಿಯುತ್ತಿರುವಾಗಲೇ ಈ ಸ್ಥಿತಿ. ಆಸ್ಪತ್ರೆಗಳ ಸಂಖ್ಯೆ ಬೆಳೆಯುವುದು ಒಂದು. ಆಸ್ಪತ್ರೆಗಳ ವ್ಯವಸ್ಥೆ ಬೆಳೆಯುವುದು ಇನ್ನೊಂದು. ಈ ಎರಡನ್ನೂ ಒಂದೆಂದು ತಿಳಿಯುವ ಭ್ರಮೆ ನಮ್ಮ ನಾಯಕರಿಗೆ ಮಾತ್ರವಲ್ಲ, ಪತ್ರಿಕೆ ಓದುವ ನಮಗೂ ಇದೆ.

ಮದರಾಸು ಪ್ರಾಂತವು 1939ರಲ್ಲಿಯೇ ಸಾರ್ವಜನಿಕ ಆರೋಗ್ಯ ಕಾಯಿದೆಯನ್ನು ಮಾಡಿತು. ದೇಶದಲ್ಲಿ ಅಂಥದು ಅದೇ ಮೊದಲು. ಚಿಕಿತ್ಸೆ ಮಾಡುವವರು ಬೇರೆ, ರೋಗ ಬಾರದಂತೆ ನೋಡುವವರು ಬೇರೆ, ಇಬ್ಬರಿಗೂ ಪ್ರತ್ಯೇಕ ಇಲಾಖೆ, ಪ್ರತ್ಯೇಕ ಅಧಿಕಾರಿವರ್ಗ ಎಂಬ ಪದ್ಧತಿಯನ್ನು ತಮಿಳುನಾಡು ಬಿಡದೆ ಉಳಿಸಿಕೊಂಡು ಬಂದಿತು. 1987ರಲ್ಲಿ ಮುತ್ತುಲಕ್ಷ್ಮಿ ರೆಡ್ಡಿಯವರ ಹೆಸರಿನಲ್ಲಿ ಬಡ ಬಸುರಿಯರಿಗೆ 300 ರೂಪಾಯಿ ಕೊಡುವ ಯೋಜನೆ ಆರಂಭವಾಯಿತು. ಪಕ್ಷಗಳು ಬದಲಾದರೂ ಯೋಜನೆ ನಿಲ್ಲದೆ ಆ ಮೊತ್ತ ಈಗ 18,000 ರೂಪಾಯಿಗೇರಿದೆ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪಾಳಿಯಂತೆ ಮೂವರು ದಾದಿಯರನ್ನಿಟ್ಟು ರಾತ್ರಿಯ ಹೆರಿಗೆಗೂ ಬಾಗಿಲು ತೆರೆದರು. 1854ರ ಸೂಲಗಿತ್ತಿ ಶಾಲೆಯ ಬುದ್ಧಿಯೇ ಇಲ್ಲಿಯೂ ಕೆಲಸ ಮಾಡಿರುವುದನ್ನು ಕಾಣಬಹುದು.

ಔಷಧದ ವಿಷಯ ಇದಕ್ಕಿಂತ ಮುಖ್ಯ. 1994ರಲ್ಲಿ ತಮಿಳುನಾಡು ವೈದ್ಯಕೀಯ ಸೇವಾ ನಿಗಮವೆಂಬುದನ್ನು ಸ್ಥಾಪಿಸಿದರು. ಇಡೀ ರಾಜ್ಯಕ್ಕೆ ಬೇಕಾದ ಔಷಧಗಳನ್ನು ಒಂದೇ ಕಡೆ ಕೊಂಡು, ಜಿಲ್ಲಾ ಉಗ್ರಾಣಗಳಿಗೆ ಕಳುಹಿಸಿ, ಪ್ರತಿಯೊಂದು ಆಸ್ಪತ್ರೆಗೂ ಬ್ಯಾಂಕಿನಂತೆ ಒಂದು ಪಾಸ್‌ಬುಕ್ ಕೊಟ್ಟು, ಅದರ ಮೊತ್ತಕ್ಕೆ ತಕ್ಕಂತೆ ಔಷಧ ಎತ್ತಿಕೊಳ್ಳುವ ಏರ್ಪಾಡು ಮಾಡಿದರು. ಉಗ್ರಾಣಕ್ಕೆ ಬಂದ ಸರಕಿನ ಮಾದರಿ ಪ್ರಯೋಗಾಲಯದಲ್ಲಿ ತೇರ್ಗಡೆಯಾಗುವವರೆಗೆ ಅದನ್ನು ಮುಟ್ಟುವಂತಿಲ್ಲ. ಕೇರಳ, ರಾಜಸ್ಥಾನಗಳು ಇದನ್ನು ನೋಡಿ ಕಲಿತವು. ಕರ್ನಾಟಕವೂ ಇದೇ ಬಗೆಯ ಸಂಸ್ಥೆಯನ್ನು ಮಾಡಿಕೊಂಡಿದೆ. ಆದರೆ 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ನರದ ಮೂಲಕ ಕೊಟ್ಟ ದ್ರಾವಣದ ಗುಣಮಟ್ಟದ ಮೇಲೆ ಸಂಶಯ ಬಂದಿತು; ಸರ್ಕಾರ ಅದರ ಬಳಕೆಯನ್ನು ತಡೆಯಿತು, ತನಿಖೆಗೆ ಆಜ್ಞೆ ಮಾಡಿತು, ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತುಗೊಳಿಸಿತು. ಎಪ್ಪತ್ತು ವರ್ಷಗಳ ಹಿಂದೆ ಮದರಾಸಿನಿಂದ ನಾವು ಹೋರಾಡಿ ಪಡೆದ ಜಿಲ್ಲೆ ಬಳ್ಳಾರಿ. ಪಡೆದುದರ ಜೊತೆಗೆ ಆ ಜಿಲ್ಲೆಯ ಹೆಣ್ಣುಮಕ್ಕಳ ಜೀವದ ಹೊಣೆಯೂ ನಮ್ಮದಾಯಿತೆಂಬುದನ್ನು ಬೆಂಗಳೂರು ಮರೆಯಬಾರದಾಗಿತ್ತು.

ಹಾಗೆಂದು ಎಗ್ಮೋರಿನಲ್ಲಿ ಎಲ್ಲವೂ ಚೆನ್ನಾಗಿದೆ ಎಂದು ಭಾವಿಸಬೇಕಾಗಿಲ್ಲ. ಜನಸಂದಣಿಯಿದೆ, ಕಾಯುವುದಿದೆ, ರೋಗಿಯ ಜೊತೆ ಬಂದವರು ಮರದಡಿಯಲ್ಲಿ ಬುತ್ತಿ ಬಿಚ್ಚುವುದಿದೆ. 1978ರಲ್ಲಿ ಶಂಕರ ನೇತ್ರಾಲಯ, 1983ರಲ್ಲಿ ಅಪೋಲೋ ಬಂದ ಮೇಲೆ ಕೈಯಲ್ಲಿ ಹಣವುಳ್ಳವರು ಅತ್ತ ಹೊರಳಿದರು, ಅವರನ್ನು ದೂರುವಂತಿಲ್ಲ. ಆದರೆ ಒಂದು ವಿಚಾರ ನೆನಪಿಡಬೇಕು. ಮದುರೆಯಲ್ಲಿ 1976ರಲ್ಲಿ ಅರವಿಂದ ಕಣ್ಣಾಸ್ಪತ್ರೆಯನ್ನು ಕಟ್ಟಿದ ಡಾ. ವೆಂಕಟಸ್ವಾಮಿಯವರು ಕಣ್ಣಿನ ವೈದ್ಯಕೀಯವನ್ನು ಕಲಿತದ್ದು ಎಗ್ಮೋರಿನ ಸರ್ಕಾರಿ ಆಸ್ಪತ್ರೆಯಲ್ಲಿ. ಖಾಸಗಿ ಆಸ್ಪತ್ರೆಯ ಹವಾನಿಯಂತ್ರಿತ ಕೋಣೆಯಲ್ಲಿ ನಮ್ಮ ನಾಡಿ ಹಿಡಿಯುವ ಕೈಗಳಲ್ಲಿ ಎಷ್ಟೋ ಕೈಗಳು ಪಳಗಿದ್ದು ಇಂಥ ಧರ್ಮಾಸ್ಪತ್ರೆಯ ಬಡವರ ದೇಹಗಳ ಮೇಲೆ. ಆ ಬಡವರ ಬಗ್ಗೆ, ಆ ಆಸ್ಪತ್ರೆಯ ಬಗ್ಗೆ ನಮಗೇನೂ ಸಂಬಂಧವಿಲ್ಲವೆನ್ನುವುದು ಕೃತಘ್ನತೆಯಾಗುತ್ತದೆ. ಮಾತು ಬಲ್ಲವರೂ ಪತ್ರ ಬರೆಯಬಲ್ಲವರೂ ಸರದಿಯಿಂದ ಎದ್ದು ಹೋದ ಮೇಲೆ, ಅಲ್ಲಿ ಉಳಿದವರ ದೂರನ್ನು ಕೇಳುವವರು ಯಾರು?

ಈಗ ನಮ್ಮ ಸಂಘದ ವಿಷಯಕ್ಕೆ ಬರುತ್ತೇನೆ. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕೆಂಬುದು ನಮ್ಮ ಮನೆಗಳ ರೂಢಿ. ಚೆನ್ನೈಯಲ್ಲಿ ನೆಲಸಿದ ನಮಗೆ ಈ ರೂಢಿಯೆಂದರೆ ರಾಜ್ಯದ ಗಡಿ ದಾಟುವುದೆಂದೇ ಅರ್ಥ. ಶಿವಮೊಗ್ಗೆಗೋ ಹಾಸನಕ್ಕೋ ಕೊಟ್ಟ ಮಗಳು ಏಳನೆಯ ತಿಂಗಳಲ್ಲಿ ಇಲ್ಲಿಗೆ ಬರುತ್ತಾಳೆ. ಇಲ್ಲಿರುವ ಸೊಸೆ ಕುಂದಾಪುರಕ್ಕೆ ಹೋಗುತ್ತಾಳೆ. ಸೀಮಂತಕ್ಕೆ ಹಸಿರು ಬಳೆ, ಐದು ಬಗೆಯ ಚಿತ್ರಾನ್ನ, ಹೂವು, ಫೋಟೋ ಯಾವುದನ್ನೂ ಮರೆಯುವುದಿಲ್ಲ. ಮರೆಯುವುದು ಕಾಗದ. ಕರ್ನಾಟಕದಲ್ಲಿ ಬಸುರಿಗೆ ತಾಯಿ ಕಾರ್ಡ್ ಕೊಡುತ್ತಾರೆ. ಅವಳ ರಕ್ತದ ಗುಂಪು, ಹಿಮೋಗ್ಲೋಬಿನ್, ರಕ್ತದೊತ್ತಡ, ಚುಚ್ಚುಮದ್ದು ಎಲ್ಲವೂ ಅದರಲ್ಲಿರುತ್ತವೆ. ತಮಿಳುನಾಡಿನಲ್ಲಿ ಪ್ರತಿಯೊಬ್ಬ ಗರ್ಭಿಣಿಯೂ ಪಿಕ್ಮೆ ಎಂಬ ನೋಂದಣಿ ಸಂಖ್ಯೆ ಪಡೆಯಬೇಕು. ಹೆರಿಗೆ ಖಾಸಗಿ ಆಸ್ಪತ್ರೆಯಲ್ಲಾದರೂ ಮಗುವಿನ ಜನನ ಪ್ರಮಾಣಪತ್ರಕ್ಕೆ ಆ ಸಂಖ್ಯೆಯನ್ನು ಕೇಳುತ್ತಾರೆ. ಹೆರಿಗೆಯಾದ ಮೇಲೆ ಅದಕ್ಕಾಗಿ ಓಡಾಡುವುದು ಬರಿಯ ಬಳಲಿಕೆಯಾದರೂ ಪ್ರಾಣಾಪಾಯವಲ್ಲ. ಆದರೆ ರಕ್ತಹೀನತೆಯಿರುವ, ರಕ್ತದೊತ್ತಡ ಏರುತ್ತಿರುವ ಹುಡುಗಿಯೊಬ್ಬಳು ಮೊದಲ ಆರು ತಿಂಗಳ ಲೆಕ್ಕವಿಲ್ಲದೆ ಹೊಸ ಊರಿನ ಹೊಸ ವೈದ್ಯರ ಮುಂದೆ ನಡುರಾತ್ರಿಯಲ್ಲಿ ಬಂದು ನಿಂತರೆ, ಆ ವೈದ್ಯರು ಎಷ್ಟೇ ಸಮರ್ಥರಾಗಿರಲಿ, ಅರ್ಧ ಕತ್ತಲೆಯಲ್ಲಿಯೇ ಕೆಲಸ ಮಾಡಬೇಕಾಗುತ್ತದೆ. ಎರಡು ಸರ್ಕಾರಗಳ ದಫ್ತರಗಳು ಒಂದರೊಡನೊಂದು ಮಾತಾಡುವವರೆಗೆ ಆ ಮಾತನ್ನು ಹೊತ್ತೊಯ್ಯಬೇಕಾದವರು ಮನೆಯವರೇ.

ಅನುಕೂಲಸ್ಥರು ಹೇಗೋ ನಿಭಾಯಿಸುತ್ತಾರೆ. ಹೋಟೆಲಿನಲ್ಲಿ ದುಡಿಯುವ, ಕಟ್ಟಡದ ಕೆಲಸಕ್ಕೆ ಬಂದ ನಮ್ಮವರ ಮಾತು ಬೇರೆ. ಎಗ್ಮೋರಿನ ಸರದಿಯಲ್ಲಿ ನಿಲ್ಲುವವರು ಅವರು. ತಮಿಳು ಅರೆಬರೆ, ಇಲ್ಲಿಯ ಪಡಿತರ ಚೀಟಿ ಇಲ್ಲ, ಮುಖ್ಯಮಂತ್ರಿಯ ವಿಮಾ ಯೋಜನೆಗೆ ಬೇಕಾದ ದಾಖಲೆಗಳು ಯಾವುವೆಂಬುದು ತಿಳಿಯದು. ‘ಹೊಟ್ಟೆ ಜುಮ್ಮೆನ್ನುತ್ತದೆ’, ‘ಕಣ್ಣು ಮಂಜಾಗಿದೆ’ ಎಂಬ ಮಾತುಗಳನ್ನು ತಮಿಳಿನಲ್ಲಿ ಸರಿಯಾಗಿ ಹೇಳಲಾರದೆ ಕೈಸನ್ನೆ ಮಾಡುವವರಿಗೆ ಒಬ್ಬ ದುಭಾಷಿಯು ಅರ್ಧ ವೈದ್ಯನಿದ್ದಂತೆ. ನಿವೃತ್ತರಾಗಿ ಮನೆಯಲ್ಲಿ ಪತ್ರಿಕೆ ಓದುತ್ತ ಕುಳಿತಿರುವ, ತಮಿಳು ಕನ್ನಡ ಎರಡನ್ನೂ ನೀರು ಕುಡಿದಂತೆ ಬಲ್ಲ ಹಿರಿಯರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ? ಆಸ್ಪತ್ರೆಯ ಅಧಿಕಾರಿಗಳ ಅನುಮತಿ ಪಡೆದು, ಅವರಲ್ಲಿ ಇಬ್ಬಿಬ್ಬರು ವಾರಕ್ಕೆ ಎರಡು ಬೆಳಿಗ್ಗೆ ಹೆರಿಗೆ ಮತ್ತು ಮಕ್ಕಳ ಆಸ್ಪತ್ರೆಗಳ ಹೊರರೋಗಿ ವಿಭಾಗದ ಬಳಿ ಇರುವುದೆಂದರೆ ಅಸಾಧ್ಯವಾದ ಕಾರ್ಯವಲ್ಲ. ಪ್ರತಿ ವರ್ಷ ರಾಜ್ಯೋತ್ಸವದ ಶಾಮಿಯಾನಕ್ಕೂ ಧ್ವನಿವರ್ಧಕಕ್ಕೂ ನಾವು ಪಡುವ ಶ್ರಮದ ಕಾಲುಭಾಗವೂ ಇದಕ್ಕೆ ಬೇಡ.

ತಾಯಿ ಕಾರ್ಡಿನಲ್ಲಿರುವ ವಿವರಗಳನ್ನೂ ಪಿಕ್ಮೆ ನೋಂದಣಿಯ ಕ್ರಮವನ್ನೂ ಎರಡು ಭಾಷೆಗಳಲ್ಲಿ ಅಚ್ಚುಹಾಕಿಸಿದ ಒಂದು ಹಾಳೆಯನ್ನು ಈ ಸಂಚಿಕೆಯೊಡನೆಯೇ ಹಂಚಬಹುದಾಗಿತ್ತು. ಈ ಸಲ ಆಗಲಿಲ್ಲ. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಇದನ್ನು ಮೊದಲ ವಿಷಯವಾಗಿ ತೆಗೆದುಕೊಳ್ಳಬೇಕೆಂದು ಸದಸ್ಯರಲ್ಲಿ ವಿನಂತಿಸುತ್ತೇನೆ. ನೇತ್ರದಾನದ ಅರ್ಜಿಗಳನ್ನೂ ಅಂದೇ ತರಿಸಿಡಬಹುದು.